ಯಾರೂ ಪಡೆಯದ ಟೋಕನ್

ಶಿರಸಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಟೋಕನ್ ಸರದಿಗೆಂದು ಒಂದು ಲಿನಕ್ಸ್ ಸರ್ವರ್ ಕೂರಿಸಿ, ಮಾಹಿತಿಯನ್ನೆಲ್ಲ ಡಿಸ್ಕಿನ ಬದಲು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಡೇಟಾಬೇಸ್ ಹಾಕಿದ್ದೆ. ಸಂಖ್ಯೆ ಅದರೊಳಗೆ ಬಿದ್ದರೆ ಸಾಕು, ಮರುಕ್ಷಣ ಸ್ಪೀಕರ್ ಕರೆಯುತ್ತಿತ್ತು. ಸಿದ್ದಾಪುರದ ಶಾಖೆಯಿಂದಲೂ ಸರದಿ ಕಾಣಲೆಂದು, ಹೊರಗಿನ ಸಂಪರ್ಕಕ್ಕಿದ್ದ ತಡೆಯನ್ನು ತೆಗೆದಿದ್ದೆ. ಪಾಸ್‌ವರ್ಡ್ ನಾಳೆ ಹಾಕಿದರಾಯಿತು ಎಂದುಕೊಂಡೆ. ಆ ನಾಳೆ ಮೂರು ವಾರವಾದರೂ ಬರಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತು. ಕಣ್ಣಿಗೆ ಔಷಧಿ ಬಿಡಿಸಿಕೊಂಡ ಹತ್ತು ಹನ್ನೆರಡು ಜನ ಕಣ್ಣು ಮುಚ್ಚಿ ಸಾಲಾಗಿ ಕುಳಿತಿದ್ದರು. ‘ಟೋಕನ್ ನಂಬರ್ ಒಂಬೈನೂರ ನಾಲ್ಕು’ ಎಂದಿತು ಸ್ಪೀಕರ್. ಅಂದು ಕೊಟ್ಟಿದ್ದೇ ನಲವತ್ತು ಟೋಕನ್. ಮತ್ತೆ ಅದೇ ಸಂಖ್ಯೆ. ಮತ್ತೆ. ಕಣ್ಣು ಮುಚ್ಚಿದ ಮುಖಗಳೆಲ್ಲ ಒಟ್ಟಿಗೆ ಆ ದನಿಯತ್ತ ತಿರುಗಿದವು.

ಹುಲಗೋಳದಿಂದ ಬಂದಿದ್ದ ಅಜ್ಜಿ ನನ್ನ ಕೈ ಹಿಡಿದರು. “ತಂಗಿ, ಎನ್ನ ಕರದ್ದಾ?”

“ಇಲ್ಲೆ ಅಮ್ಮ, ಆ ನಂಬರು ಯಾರ ಹತ್ರನೂ ಇಲ್ಲೆ.”

“ಹಂಗಾರೆ ಅದು ಯಾರನ್ನ ಕರೀತಾ ಇದ್ದು?”

ಒಳಗೆ ಹೋಗಿ, ಡೇಟಾಬೇಸಿಗೆ ಬರುವ ಆದೇಶಗಳನ್ನು ಆಗಿಂದಾಗಲೇ ತೋರಿಸುವ ಪರದೆ ತೆರೆದೆ. ನಮ್ಮದಲ್ಲದ ವಿಳಾಸದಿಂದ ಒಂದೊಂದೇ ಸಾಲು ಇಳಿಯುತ್ತಿತ್ತು. ಆ ಸಂಖ್ಯೆಯನ್ನು ಅಳಿಸಿದೆ. ಮರಳಿ ಬಂತು. ಇನ್ನೊಮ್ಮೆ ಅಳಿಸಿದೆ. ಈ ಬಾರಿ ತುಸು ತಡೆದು, ಒಂಬೈನೂರ ಐದು ಬಂತು. ನಾನು ಅಳಿಸುತ್ತಿರುವುದು ಆಚೆಯವರಿಗೆ ಕಾಣುತ್ತಿದೆ ಎಂದು ಹೊಳೆಯಿತು. ಇಂಟರ್‌ನೆಟ್ ಕೇಬಲ್ ಕಿತ್ತೆ. ಸ್ಪೀಕರ್ ಸುಮ್ಮನಾಯಿತು.

ಡಾಕ್ಟರಿಗೆ ನನ್ನ ತಪ್ಪನ್ನು ಹೇಳಿದೆ.

“ಪೇಶಂಟ್‌ಗಳ ಹೆಸರು, ಫೋನ್ ನಂಬರು ಅದರೊಳಗೆ ಇತ್ತಾ?” ಎಂದರು.

“ಇತ್ತು.”

“ಹಾಗಾದ್ರೆ ಎಲ್ಲರಿಗೂ ನೀವೇ ಫೋನ್ ಮಾಡಿ ಹೇಳಿ.”

ಎರಡು ದಿನ ಮಾಡಿದೆ. ಬೈದವರು ಕಡಿಮೆ. “ನಮ್ಮ ಹೆಸರು ತಗಂಡು ಅವರಿಗೆ ಎಂತ ಆಗ್ಬೇಕಂತೆ?” ಎಂದು ಮೆಲ್ಲಗೆ ಕೇಳಿದವರೇ ಹೆಚ್ಚು.

ಆ ಸರ್ವರನ್ನು ಇನ್ನು ನಂಬುವಂತಿರಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಕೂರಿಸಿದೆ. ಡೇಟಾಬೇಸ್ ಈಗ ಆಸ್ಪತ್ರೆಯೊಳಗಿನ ವಿಳಾಸಗಳಿಗೆ ಮಾತ್ರ ಓಗೊಡುತ್ತದೆ. ಉದ್ದನೆಯ ಪಾಸ್‌ವರ್ಡ್ ಇದೆ, ಎಲ್ಲವನ್ನೂ ಒರೆಸಿಬಿಡುವ ಆದೇಶ ಬಂದ್ ಆಗಿದೆ, ಮುಂದೆ ಹೊರಗಿನವರನ್ನು ತಡೆಯುವ ಫೈರ್‌ವಾಲ್ ನಿಂತಿದೆ. ಸಿದ್ದಾಪುರದವರಿಗೆ ಬೀಗವಿರುವ ಬೇರೆ ದಾರಿ ಮಾಡಿಕೊಟ್ಟೆ. ಇಲ್ಲದ ಸಂಖ್ಯೆ ಮತ್ತೆಂದೂ ಕೇಳಿಸಲಿಲ್ಲ.

ಆದರೆ ಫೈರ್‌ವಾಲ್ ತಡೆದ ಪ್ರಯತ್ನಗಳ ದಾಖಲೆಯನ್ನು ದಿನವೂ ಓದುತ್ತೇನೆ. ಮುಚ್ಚಿದ ಆ ಬಾಗಿಲನ್ನು ಯಾರೋ ಮುಟ್ಟಿ ನೋಡಿ ಹೋಗಿರುತ್ತಾರೆ. ಒಮ್ಮೊಮ್ಮೆ ನಾನು ಓದುತ್ತಿರುವಾಗಲೇ ಹೊಸ ಸಾಲೊಂದು ಬೀಳುತ್ತದೆ.