ಕೂದಲು ತಿಂದ ಡಿಗ್ರಿ

ನಿನ್ನೆ ಆಫೀಸಿನ ಗೆಳತಿಯೊಬ್ಬಳು ಔಡಲೆಣ್ಣೆಯ ಬಾಟಲಿ ತಂದುಕೊಟ್ಟಳು. "ಭಾಳ ಓದ್ತೀರಿ ನೋಡ್ರಿ, ಅದಕ್ಕ ನೆತ್ತಿ ಕಾಣಾಕತ್ತೇತಿ." ಮುಚ್ಚಳ ತೆಗೆದೆ. ಆ ವಾಸನೆಗೆ ನಮ್ಮ ರಾಯಾಪುರದ ಓಣಿ ಇಡಿಯಾಗಿ ಎದ್ದು ಬಂತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಬಿ.ಎ. ಎರಡನೇ ವರ್ಷ ಫಿಟ್ಸ್ ಶುರುವಾಯಿತು. ಸತ್ತೂರಿನ ಡಾಕ್ಟರು ಕೊಟ್ಟ ಗುಳಿಗೆಗೆ ಫಿಟ್ಸ್ ನಿಂತಿತು, ಕೂದಲು ನಿಲ್ಲಲಿಲ್ಲ. ಜಡೆ ಇಲಿಯ ಬಾಲವಾಯಿತು. ಮುಖ ಖಾಲಿ ಇರಬಾರದೆಂದು ಮೊಡವೆಗಳು ಬಂದು ಕೂತವು. "ಔಷಧದ ಗುಣ ಅದು. ಡೋಸ್ ನಾ ನೋಡ್ತೇನಿ, ನೀವು ಗುಳಿಗಿ ಬಿಡಬ್ಯಾಡ್ರಿ" ಎಂದರು ಡಾಕ್ಟರು.

ಬಿಡಲಿಲ್ಲ. ಆದರೆ ಓಣಿಗೆ ಏನು ಹೇಳುವುದು? ಫಿಟ್ಸ್ ಎಂದರೆ ವರಗಳು ಹೊಸ್ತಿಲು ತುಳಿಯುವುದಿಲ್ಲವೆಂದು ಅವ್ವನ ಚಿಂತೆ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಎಣ್ಣೆ ತಟ್ಟುತ್ತ, "ಓದಿನ ಕಾವು ನೆತ್ತಿಗೇರೇತಿ ನೋಡ್ರಿ" ಎಂದು ಸಾರಿದಳು. ಎಲ್ಲರೂ ನಂಬಿದರು. ಓಣಿಯಲ್ಲಿ ಓದಿದ ತಲೆ ಇನ್ನೊಂದಿರಲಿಲ್ಲವಲ್ಲ, ಹೋಲಿಸಿ ನೋಡಲು. "ಬಿ.ಎ. ಅಂದ್ರ ಸಾದಾ ಅಲ್ಲ ಬಿಡ್ರಿ" ಎಂದು ನೆತ್ತಿಗೆ ಮರ್ಯಾದೆ ಕೊಟ್ಟರು. ನಗಬೇಡಿ, ಆ ಮರ್ಯಾದೆ ನನಗೂ ರುಚಿಸಿತ್ತು.

ಪೆಟ್ಟು ಬಿದ್ದದ್ದು ಎದುರುಮನೆಯ ಸುನಂದಾಳಿಗೆ. ಅವಳು ಪಿಯುಸಿ ಪಾಸಾದ ದಿನ ಅವಳ ಅಜ್ಜಿ, ಓಣಿಗೆಲ್ಲ ಆಯಿ, ತೀರ್ಪು ಕೊಟ್ಟಳು: "ಇನ್ನ ಸಾಲಿ ಸಾಕು. ಲಗ್ನಕ್ಕ ಜಡಿ ಬೇಕು. ಆ ಹುಡುಗಿ ನೆತ್ತಿ ನೋಡೀರಿಲ್ಲ?"

ಸುನಂದಾ ಬಾಗಿಲ ಹಿಂದೆ ಅಳುತ್ತಿದ್ದಳು. ಅವ್ವ ನನ್ನ ಓಢಣಿ ಜಗ್ಗಿದಳು. ನಾನು ನಿಲ್ಲಲಿಲ್ಲ.

"ಆಯೀ, ಓದಿದ್ದಕ್ಕ ಉದುರಿಲ್ಲರಿ. ನನಗ ಫಿಟ್ಸ್ ಐತಿ, ಅದರ ಗುಳಿಗಿಗೆ ಉದುರ್ಯಾವ. ಸುನಂದಾನ್ನ ಕಾಲೇಜಿಗೆ ಕಳಸ್ರಿ."

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಫಿಟ್ಸ್ ಇಟ್ಕೊಂಡು ಬಿ.ಎ. ಮಾಡಾಕತ್ತಿ?"

"ಹೂಂರಿ."

"ಹಂಗಾರ ಓದೂದು ಅಷ್ಟೇನ ತ್ರಾಸ ಇರ್ಲಿಕ್ಕಿಲ್ಲ ತಗೋ."

ಸುನಂದಾ ಕಾಲೇಜಿಗೆ ಹೋದಳು. ನನ್ನನ್ನು ನೋಡಲು ಬರಬೇಕಿದ್ದ ತಾರಿಹಾಳದ ವರ ಬರಲಿಲ್ಲ. ಅವನ ತಲೆ ಬೋಳಾಗಿತ್ತಂತೆ, ಯಾವ ಡಿಗ್ರಿಯೂ ಇಲ್ಲದೆ. ಅವ್ವ ಬಹಳ ದಿನ ನನ್ನೊಂದಿಗೆ ಮಾತು ಬಿಟ್ಟಳು. ಸುನಂದಾ ಡಿಗ್ರಿ ಮುಗಿಸಿದಾಗ ಆಯಿ ಅವಳನ್ನು ಮನೆಮನೆಗೆ ಕರೆದೊಯ್ದು, ಬೆನ್ನು ತಿರುಗಿಸಿ ನಿಲ್ಲಿಸಿ ಜಡೆ ತೋರಿಸಿದಳು. ಆ ದಿನ ಅವ್ವನೂ ಬಾಗಿಲಿಗೆ ಬಂದು ನೋಡಿದಳು.

ಇವತ್ತು ಗುಳಿಗೆ ನುಂಗಿ ಆಫೀಸಿಗೆ ಬಂದವಳೇ ಬಾಟಲಿಯನ್ನು ಗೆಳತಿಯ ಮೇಜಿನ ಮೇಲಿಟ್ಟೆ.

"ಈ ನೆತ್ತಿ ಫಿಟ್ಸಿನ ಗುಳಿಗಿ ಮಾಡಿದ್ದರಿ. ಡಿಗ್ರಿ, ಪಾಪ, ಏನೂ ಮಾಡಿಲ್ಲ."