ಅಳಿಯನಿಗೊಂದು ಟವೆಲ್

ಗುಬ್ಬಿಯ ಪೇಟೆ ಬೀದಿಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಟಿರುವ ಜಹೀರ್ ಅಹಮದ್ ಸಾಹೇಬರ ಬರಿಮೈ ಕಂಡವರು ಊರಲ್ಲಿ ಯಾರೂ ಇಲ್ಲ. ಕಂಡಿದ್ದೇನೆ ಎಂದು ಅವರ ಹೆಂಡತಿ ಜಮಾಲುನ್ನೀಸಾ ಕೂಡ ಆಣೆ ಮಾಡಿ ಹೇಳಲಾರರು. ಬಚ್ಚಲಿಗೆ ಒಳಗಿಂದ ಚಿಲಕ ಹಾಕಿಕೊಂಡ ಮೇಲೂ ಸಾಹೇಬರು ಲುಂಗಿ ಉಟ್ಟೇ ಸ್ನಾನ ಮಾಡುತ್ತಾರೆ. ಅಲ್ಲಿ ನೋಡುವವರು ಯಾರಿದ್ದಾರೆ ಎಂದು ಕೇಳಿದರೆ, ನಾನೇ ಇದ್ದೀನಲ್ಲ ಎನ್ನುತ್ತಾರೆ. ದೇವರು ನಾಚಿಕೆಯನ್ನು ಲೋಕಕ್ಕೆಲ್ಲ ಹಂಚಿ, ಮಿಕ್ಕಿದ್ದನ್ನು ತಂದು ಇವರೊಬ್ಬರ ತಲೆಯ ಮೇಲೆ ಸುರಿದು ಹೋಗಿರಬೇಕು.

ಹೆಗಲ ಮೇಲೆ ಸದಾ ಒಂದು ಚೌಕಳಿ ಟವೆಲ್. ಹೆಂಡತಿಯ ಜೊತೆ ಪೇಟೆಗೆ ಹೊರಟರೆ ಹತ್ತು ಮಾರು ಮುಂದೆ ನಡೆಯುತ್ತಾರೆ, ಜೊತೆಯಲ್ಲಿ ಹೋದರೆ ಜನ ಏನಂದುಕೊಳ್ಳುತ್ತಾರೋ ಎಂದು. ಗಂಡ ಹೆಂಡತಿ ಅಂದುಕೊಳ್ಳುತ್ತಾರೆ, ಇನ್ನೇನು? ಆದರೆ ಇದನ್ನು ಅವರಿಗೆ ಹೇಳಿ ಗೆದ್ದವರಿಲ್ಲ.

ಇಂಥವರ ಅಂಗಡಿಗೆ ಒಂದು ಗಂಡು ಬೊಂಬೆ ಬಂತು. ಪ್ಯಾಂಟು ಶರ್ಟು ತೊಡಿಸಿ ಬಾಗಿಲಲ್ಲಿ ನಿಲ್ಲಿಸುತ್ತಾರಲ್ಲ, ಆಳೆತ್ತರದ ಫೈಬರ್ ಬೊಂಬೆ, ಅದು. ಒಂದು ಕೈ ಮುಂದೆ ಚಾಚಿಕೊಂಡು, ಇನ್ನೊಂದು ಕೈ ಮೇಲೆತ್ತಿಕೊಂಡು ಸದಾ ನಗುತ್ತಿತ್ತು. ಬೇರೆ ಅಂಗಡಿಯವರು ಬೀದಿಯಲ್ಲೇ ಅದನ್ನು ಬೆತ್ತಲೆ ಮಾಡಿ ಬಟ್ಟೆ ಬದಲಿಸುತ್ತಾರೆ. ಸಾಹೇಬರು ಶಟರ್ ಅರ್ಧ ಇಳಿಸಿ, ಬೊಂಬೆಯ ಸೊಂಟಕ್ಕೆ ಟವೆಲ್ ಸುತ್ತಿ, ಅದರೊಳಗಿಂದಲೇ ಹಳೇ ಪ್ಯಾಂಟು ಕಳಚಿ ಹೊಸದನ್ನು ಏರಿಸುತ್ತಿದ್ದರು. ಅಷ್ಟು ಹೊತ್ತೂ ಮುಖ ಗೋಡೆಯ ಕಡೆಗೆ. ಈ ಉಪಚಾರ ನೋಡಿದ ಜನ ಬೊಂಬೆಗೆ ‘ಸಾಹೇಬರ ಅಳಿಯ’ ಎಂದೇ ಹೆಸರಿಟ್ಟರು.

ಆ ಹೆಸರೇ ಅದರ ಕೈಗೆ ಕುತ್ತು ತಂದಿತು. ಸಿ.ಎಸ್. ಪುರದಿಂದ ಬಂದ ಮುದುಕರೊಬ್ಬರು ನಿಜವಾದ ಅಳಿಯನೇ ಎಂದು ತಿಳಿದು, ಚಾಚಿದ್ದ ಕೈಯನ್ನು ಹಿಡಿದು ಕುಲುಕಿದರು. ಕೈ ಭುಜದ ಸಮೇತ ಕಿತ್ತು ಬಂತು. ಮುದುಕರಿಗೆ ನೀರು ಕುಡಿಸಿ ಬಸ್ಸು ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು.

ಫೈಬರ್ ಕೆಲಸದವರು ಇದ್ದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಪಕ್ಕದ ಕೊಬ್ಬರಿ ಅಂಗಡಿಯ ಅಡವಿಯಪ್ಪ ತನ್ನ ಟಿವಿಎಸ್ ಮೊಪೆಡ್ ತೆಗೆದ. ಬರೀ ಒಂದು ಪಂಚೆ ಸುತ್ತಿದ ಅಳಿಯನನ್ನು ನಡುವೆ ನಿಲ್ಲಿಸಿ, ಕಿತ್ತ ಕೈಯನ್ನು ಚೀಲಕ್ಕೆ ಹಾಕಿ, ಸಾಹೇಬರು ಹಿಂದೆ ಕೂತು ಅದರ ಸೊಂಟ ತಬ್ಬಿಕೊಂಡರು. ಅಳಿಯ ಉಳಿದ ಒಂದು ಕೈ ಎತ್ತಿಕೊಂಡು, ಗೆದ್ದ ಅಭ್ಯರ್ಥಿಯ ಹಾಗೆ ದಾರಿಯುದ್ದಕ್ಕೂ ಜನರತ್ತ ನಗುತ್ತ ಹೊರಟ. ಅವಸರದಲ್ಲಿ ಸಾಹೇಬರ ಟವೆಲ್ ಮಾತ್ರ ಗಲ್ಲಾದ ಮೇಲೆಯೇ ಉಳಿಯಿತು.

ತುಮಕೂರು ಇನ್ನೂ ದೂರವಿರುವಾಗ ಎದುರಿನಿಂದ ಭರ್ರೆಂದು ಬಂದ ಲಾರಿಯ ಗಾಳಿಗೆ ಪಂಚೆ ಬಿಚ್ಚಿ ಹಾರಿ, ಆ ಲಾರಿಯ ಹಗ್ಗಕ್ಕೇ ಸಿಕ್ಕಿಕೊಂಡು ತಿಪಟೂರಿನ ಕಡೆ ಹೋಯಿತು. ಸಾಹೇಬರು ನಿಲ್ಲಿಸು ನಿಲ್ಲಿಸು ಎಂದು ಎಷ್ಟು ಬಡಿದುಕೊಂಡರೂ ಹೆಲ್ಮೆಟ್ಟಿನೊಳಗಿದ್ದ ಅಡವಿಯಪ್ಪನಿಗೆ ಕೇಳಿಸಲಿಲ್ಲ. ಅವನು ಗಾಡಿ ನಿಲ್ಲಿಸಿದ್ದು ತುಮಕೂರಿನ ಸಿಗ್ನಲ್ಲಿನಲ್ಲಿ, ಅದೂ ಕೆಂಪು ದೀಪಕ್ಕೆ ಹೆದರಿ. ಹಿಂತಿರುಗಿ ನೋಡಿದರೆ, ಸಾಹೇಬರು ಹಿಂದಿನಿಂದ ಕೈ ತಂದು ಅಂಗೈ ಅಗಲಿಸಿ ಅಳಿಯನ ಮಾನ ಮುಚ್ಚಿದ್ದಾರೆ.

“ಅಲ್ಲಿ ಏನೂ ಇಲ್ವಲ್ಲ ಸಾಹೇಬ್ರೆ, ಫ್ಯಾಕ್ಟ್ರಿಯೋರು ನುಣ್ಣಗೆ ಮಾಡಿ ಕಳ್ಸವ್ರೆ. ಏನಂತ ಮುಚ್ತೀರಾ?”

“ಇಲ್ಲ ಅಂತ ನಂಗೂ ನಿಂಗೂ ಗೊತ್ತು ಕಣಯ್ಯ. ದೂರದಿಂದ ನೋಡೋರ್ಗೆ ಗೊತ್ತಾ?”

ಮೂರು ಜನ ಗಾಡಿ ಹತ್ತಿದ್ದಾರೆಂದು ಹಿಡಿಯಲು ಬಂದ ಟ್ರಾಫಿಕ್ ಪೇದೆ ಹತ್ತಿರ ಬಂದವನೇ ನಾಚಿಕೊಂಡು ಮುಖ ತಿರುಗಿಸಿದ. ಮುಖ ತಿರುಗಿಸದವಳು ಫುಟ್‌ಪಾತಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಒಬ್ಬಳೇ. ಕುಣಿಗಲ್ ಕಡೆಯ ಹುಡುಗಿ, ಹೆಸರು ಸುಮನಾ, ಚಿತ್ರಕಲಾ ಕಾಲೇಜಿನ ವಿದ್ಯಾರ್ಥಿನಿ.

ಅಳಿಯನಿಗೆ ಕೈ ಕೂಡಿತು. ಬೊಂಬೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಲಗೇಜ್ ಆಟೋದಲ್ಲಿ ಕೊಂಡೊಯ್ದೆವು ಎಂದು ಸಾಹೇಬರು ಮನೆಯಲ್ಲಿ ಹೇಳಿ ಕೈತೊಳೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ, ಬಿದರೆಹಳ್ಳಿ ಕಾವಲ್ ಹೆಲಿಕಾಪ್ಟರ್ ಕಾರ್ಖಾನೆಯ ಗಿರಾಕಿಯೊಬ್ಬ ಬನಿಯನ್ ಕೊಳ್ಳುತ್ತ ಮೊಬೈಲ್ ತೋರಿಸಿದ. ತುಮಕೂರಿನ ಚಿತ್ರಕಲಾ ಕಾಲೇಜಿನಲ್ಲಿ ಫೋಟೋ ಪ್ರದರ್ಶನ, ಮೊದಲ ಬಹುಮಾನದ ಚಿತ್ರದಲ್ಲಿ ಸಾಹೇಬರೇ. ಕೆಳಗೆ ಹೆಸರು ‘ನಗ್ನ’. ಸಾಹೇಬರು ಬನಿಯನ್ನಿನ ದುಡ್ಡು ಇಸಿದುಕೊಳ್ಳುವುದನ್ನೇ ಮರೆತರು. ಬೇರೆಯವರು ಹೊಲ ಮನೆ ಮಾಡಿಕೊಂಡ ಹಾಗೆ ಅವರು ಇಷ್ಟು ವರ್ಷ ಮಾಡಿಕೊಂಡಿದ್ದು ಮರ್ಯಾದೆ ಒಂದನ್ನೇ. ಜಮಾಲುನ್ನೀಸಾ ಇದನ್ನು ನೋಡಿದರೆ ಅದೂ ಹೋದಂತೆ.

ಮರುದಿನವೇ ಬನಿಯನ್ ತರುವ ನೆಪ ಹೇಳಿ ಹೊರಟರು. ನನಗೂ ಕುಕ್ಕರಿನ ಗ್ಯಾಸ್ಕೆಟ್ ಬೇಕು ಎಂದು ಜಮಾಲುನ್ನೀಸಾ ಚಪ್ಪಲಿ ಮೆಟ್ಟಿಯೇ ಬಿಟ್ಟರು. ತುಮಕೂರಿನಲ್ಲಿ ಇಳಿದು ಸಾಹೇಬರು ಎಂದಿನಂತೆ ಮುಂದೆ ಮುಂದೆ ನಡೆದು ರಸ್ತೆ ದಾಟಿದರು. ಹೆಂಡತಿ ಆಚೆ ಬದಿಯಲ್ಲೇ ಉಳಿದು, ಕೊನೆಗೆ ಹೂ ಮಾರುವ ಚಿಕ್ಕಮಾರಮ್ಮ ಎಂಬಾಕೆ ಕೈ ಹಿಡಿದು ದಾಟಿಸಬೇಕಾಯಿತು. ಹೆಂಡತಿಯನ್ನು ಪಾತ್ರೆ ಅಂಗಡಿಗೆ ಬಿಟ್ಟು, ಮುಗಿದ ಮೇಲೆ ಆ ಕಾಲೇಜಿನ ಗೇಟಿನ ಹತ್ತಿರ ಕಾಯಿ ಎಂದು ದೂರದಿಂದಲೇ ತೋರಿಸಿ ಸಾಹೇಬರು ಒಳಗೆ ನುಗ್ಗಿದರು.

ಅವರ ಚಿತ್ರದ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಜನರೆಲ್ಲ ಪಕ್ಕದ ನವಿಲಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸಾಹೇಬರು ಸುಮ್ಮನೆ ವಾಪಸು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಮ್ಮನಿರುವ ಬುದ್ಧಿ ಬೇಕಲ್ಲ. ಅತ್ತಿತ್ತ ನೋಡಿ, ಚಿತ್ರವನ್ನು ಕಣ್ಣೆತ್ತಿಯೂ ನೋಡದೆ, ಅದರ ಫ್ರೇಮಿಗೆ ತಮ್ಮ ಟವೆಲ್ ಹೊದಿಸಿದರು.

ನವಿಲಿನ ಮುಂದಿದ್ದವನೊಬ್ಬ ಟವೆಲ್ ಕಂಡ, ಕೆಳಗೆ ‘ನಗ್ನ’ ಎಂದು ಓದಿದ, ಮೆಲ್ಲಗೆ ತುದಿ ಎತ್ತಿ ಇಣುಕಿದ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಸಾಲು ಬಾಗಿಲು ದಾಟಿ ಗೇಟಿನವರೆಗೆ ಬೆಳೆಯಿತು. ಇಣುಕಿದವರೆಲ್ಲ ಏನೂ ಕಾಣದೆ ಪೆಚ್ಚಾಗುತ್ತಿದ್ದರು, ಆದರೆ ಹಿಂದಿನವರಿಗೆ ಹೇಳದೆ ಗಂಭೀರವಾಗಿ ತಲೆಯಾಡಿಸಿಕೊಂಡು ಹೋಗುತ್ತಿದ್ದರು. ಸಾಹೇಬರು ಸುಮನಾಳನ್ನು ಹುಡುಕಿ, ಹೆಸರನ್ನಾದರೂ ಬದಲಿಸಮ್ಮ ಎಂದು ಗೋಗರೆದರು. ಆ ಹೆಸರು ಬೊಂಬೆಗಲ್ಲ ಅಂಕಲ್, ನಿಮ್ಮ ಮುಖಕ್ಕೆ ಎಂದಳು ಅವಳು. ಸಾಹೇಬರು ಗಾಬರಿಯಾಗಿ ತಮ್ಮ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಸಾಲಿನ ಮುಂದೆ ಗ್ಯಾಸ್ಕೆಟ್ ಹಿಡಿದ ಕೈಯೊಂದು ಟವೆಲ್ ಎತ್ತಿತು. ಸಾಲು ಕಂಡರೆ ಮೊದಲು ನಿಂತು, ಏನು ಕೊಡುತ್ತಾರೆಂದು ಆಮೇಲೆ ಕೇಳುವುದು ಜಮಾಲುನ್ನೀಸಾ ಅವರ ಪದ್ಧತಿ. ಹಾಗೆ ನಿಂತೇ ಒಮ್ಮೆ ಹುಚ್ಚುನಾಯಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿದ್ದರು. ಈಗ ಅವರು ಟವೆಲ್ಲನ್ನು ಪೂರ್ತಿ ಎಳೆದು ತೆಗೆದು, ಚಿತ್ರವನ್ನು ನೋಡಿದರು. ತುಂಬ ಹೊತ್ತು ನೋಡಿದರು.

ಸಾಹೇಬರೂ ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು. ಸಿಗ್ನಲ್ಲಿನ ನಡುವೆ ಲೋಕಕ್ಕೆಲ್ಲ ಕೈಯೆತ್ತಿ ನಗುತ್ತಿರುವ ಬೆತ್ತಲೆ ಅಳಿಯ. ಅವನ ಸೊಂಟಕ್ಕೆ ಕೆನ್ನೆ ಒತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಅವನ ಮಾನವನ್ನು ಅಂಗೈಯಲ್ಲಿ ಕಾಯುತ್ತಿರುವ ತಾವು.

ಮನೆಯಲ್ಲಿ ಜಮಾಲುನ್ನೀಸಾ ಬೈಯುವುದು ಉರ್ದುವಿನಲ್ಲಿ. ಇದು ಸಾಲಿನಲ್ಲಿದ್ದವರಿಗೆಲ್ಲ ತಿಳಿಯಲಿ ಎಂದೇ ಕನ್ನಡದಲ್ಲಿ ಹೇಳಿದರು.

“ಮದ್ವೆ ಆಗಿ ಇಷ್ಟ್ ವರ್ಷ ಆಯ್ತು. ರೋಡ್ ದಾಟೋವಾಗ ಒಂದ್ ದಿನ ನನ್ ಕೈ ಹಿಡೀಲಿಲ್ಲ ನೀವು. ಈ ಬೊಂಬೆಗೆ ಬಂದ ಭಾಗ್ಯ ನೋಡಿ.”

ಯಾರೂ ನಗಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ತಂತಮ್ಮ ಗಂಡಂದಿರ ಕಡೆ ತಿರುಗಿದರು. ಸಾಹೇಬರು ಹೆಂಡತಿಯ ಕೈಯಿಂದ ಟವೆಲ್ ಇಸಿದುಕೊಂಡು ಬಾಗಿಲ ಕಡೆ ನಡೆದರು.

ಬಸ್ ಸ್ಟ್ಯಾಂಡಿಗೆ ಹೋಗುವಾಗ ಅದೇ ರಸ್ತೆ, ಅದೇ ಸಿಗ್ನಲ್. ಸಾಹೇಬರು ಅರ್ಧ ದಾರಿಗೆ ಹೋದವರು ತಿರುಗಿ ಬಂದು ಹೆಂಡತಿಯ ಕೈ ಹಿಡಿದರು. ಹಿಡಿದ ಮರುಕ್ಷಣವೇ ಎರಡೂ ಕೈಗಳ ಮೇಲೆ ಟವೆಲ್ ಹೊದಿಸಿದರು, ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನೊಳಗೆ ಬೆರಳು ಹಿಡಿದು ಬೆಲೆ ಮಾಡುವ ಹಾಗೆ.

“ಎಷ್ಟಕ್ಕೆ ಮಾರ್ತಾ ಇದೀರಾ ನನ್ನ?” ಎಂದರು ಜಮಾಲುನ್ನೀಸಾ.

ಸಿಗ್ನಲ್ಲಿನಲ್ಲಿ ನಿಂತ ಆಟೋದವರು, ಬಸ್ಸಿನ ಕಿಟಕಿಯವರು, ಹೂವಿನ ಚಿಕ್ಕಮಾರಮ್ಮ, ಎಲ್ಲರೂ ಆ ಟವೆಲ್ಲಿನೊಳಗೆ ಏನಿದೆಯೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಸಾಹೇಬರು ಒಂದು ಗಳಿಗೆ ಯೋಚಿಸಿ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಒಳಗೆ ಬರೀ ಎರಡು ಕೈ ಇದ್ದದ್ದು ಕಂಡು ಜನ ಪೆಚ್ಚಾಗಿ ತಂತಮ್ಮ ದಾರಿ ನೋಡಿಕೊಂಡರು. ಸಾಹೇಬರು ಮಾತ್ರ ರಸ್ತೆ ದಾಟಿದ ಮೇಲೂ ಹಿಡಿದ ಕೈ ಬಿಡಲಿಲ್ಲ.