ಮಹಾದೇವಪ್ಪನವರ ಹೆಸರಿನಲ್ಲಿ ಯಶೋಧರಾ

ನಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟನ್ನು ಇಷ್ಟು ವರ್ಷ ನಡೆಸಿದವಳು ಯಶೋಧರಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆಲ್ಲೂ ಇದನ್ನು ಬರೆದಿಲ್ಲ. ನಾನು ಉಮ್ಮೆ ಹಾನಿ, ಪರೀಕ್ಷಾ ವಿಭಾಗದ ಗುಮಾಸ್ತೆ. ಜಾಗ ಸಾಲದೆ ನನ್ನ ಟೇಬಲ್ಲನ್ನು ಕಂಪ್ಯೂಟರ್ ಕೋಣೆಯಲ್ಲಿ ಅವಳ ಪಕ್ಕಕ್ಕೆ ಹಾಕಿದ್ದರು. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಸುಳ್ಳು ಅನ್ನುವವರು ಶಹಾಬಜಾರದ ನಮ್ಮ ಮನೆಗೆ ಬರಲಿ, ಚಹಾನೂ ಕೊಡುತ್ತೇನೆ, ಉತ್ತರಾನೂ ಕೊಡುತ್ತೇನೆ.

ಯಶೋಧರಾ ಕಮಲಾಪುರದವಳು. ಅವರವ್ವ ಸಾವಿತ್ರಿಬಾಯಿ ಅಲ್ಲಿ ಬಸ್ ನಿಲ್ದಾಣದ ಎದುರು ಕೆಂಪು ಬಾಳೆಹಣ್ಣು ಮಾರುತ್ತಾಳೆ. ಮಗಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಕಲಬುರಗಿಗೆ ಬರುತ್ತಿದ್ದಳು. ಗುತ್ತಿಗೆ ನೌಕರಿ. ಏಜೆನ್ಸಿಗಳು ಬಂದವು, ಹೋದವು, ಕುರ್ಚಿಯಲ್ಲಿ ಕೂತವಳು ಮಾತ್ರ ಇವಳೇ. ಪಾಪ, ಬಡಪಾಯಿ ಹುಡುಗಿ ಇರಬೇಕು ಅಂದುಕೊಂಡೀರಿ ಮತ್ತೆ! ಅವಳ ನಾಲಗೆ ಬಲು ಹರಿತ. ನನ್ನ ಕೂಡ ಜಗಳಾಡದ ವಾರ ಇರಲಿಲ್ಲ. ಅದಕ್ಕೇ ಅವಳನ್ನು ಕಂಡರೆ ನನಗೆ ಜೀವ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಕೆಲಸ ಮಾಡುವವರ ಹೆಸರಿನಲ್ಲಿ ಲಾಗಿನ್ ಇರುವುದಿಲ್ಲ. ಲಾಗಿನ್ ಸಾಹೇಬರದು, ಪಾಸ್‌ವರ್ಡ್ ಗೊತ್ತಿರುವುದು ಆಪರೇಟರಿಗೆ. ವೆಬ್‌ಸೈಟ್ ಶುರುವಾದಾಗ ಅದರ ಉಸ್ತುವಾರಿ ಪ್ರೊಫೆಸರ್ ಮಹಾದೇವಪ್ಪನವರದಾಗಿತ್ತು, ಹಾಗಾಗಿ ಲಾಗಿನ್ನೂ ಅವರ ಹೆಸರಿನಲ್ಲೇ ಆಯಿತು. ಆ ಪುಣ್ಯಾತ್ಮರಿಗೆ ಕಂಪ್ಯೂಟರ್ ಅಂದರೆ ಧೂಳು ಬೀಳದಂತೆ ಬಟ್ಟೆ ಹೊದಿಸುವ ವಸ್ತು. ಮುಂದೆ ಅವರು ನಿವೃತ್ತರಾಗಿ ಐವಾನ್-ಎ-ಶಾಹಿ ಬಡಾವಣೆಯ ತಮ್ಮ ಮನೆಯಲ್ಲಿ ಗುಲಾಬಿ ಗಿಡಗಳಿಗೆ ನೀರು ಹಾಕುತ್ತ ಕೂತರು. ಅವರ ಲಾಗಿನ್ ಮಾತ್ರ ನಿವೃತ್ತವಾಗಲಿಲ್ಲ.

ಬದಲಾಯಿಸಬಹುದಿತ್ತು. ಯಶೋಧರಾಳೇ ಬದಲಾಯಿಸಲಿಲ್ಲ, ತಪ್ಪು ಅವಳದೂ ಇದೆ. ಒಮ್ಮೆ ಎಲ್ಲ ವಿಭಾಗಗಳಿಗೂ ‘ಪಠ್ಯಕ್ರಮ ಕಳಿಸಿ’ ಎಂದು ತನ್ನ ಹೆಸರಿನಲ್ಲೇ ಮೇಲ್ ಮಾಡಿ ನೋಡಿದಳು. ಒಬ್ಬರಾದರೂ ಉತ್ತರ ಕೊಟ್ಟಿದ್ದರೆ ಕೇಳಿ. ಅದೇ ಮೇಲನ್ನು ಮಹಾದೇವಪ್ಪನವರ ಹೆಸರಿನಲ್ಲಿ ಕಳಿಸಿದಾಗ ಸಂಜೆಯೊಳಗೆ ‘ಆಗಲಿ ಗುರುಗಳೇ’, ‘ಕ್ಷಮಿಸಿ ಗುರುಗಳೇ’ ಎಂದು ಸಾಲುಗಟ್ಟಿ ಬಂದವು. ಅಂದಿನಿಂದ ಅವಳಿಗೆ ಅದರ ರುಚಿ ಹತ್ತಿತು. ವಾಣಿಜ್ಯ ವಿಭಾಗದ ಮುಖ್ಯಸ್ಥ ಆನಂದಕುಮಾರ ಮಹಾದೇವಪ್ಪನವರ ಹಳೆಯ ಶಿಷ್ಯ. ಆತ ವಿಭಾಗದ ಪುಟಕ್ಕೆಂದು ತನ್ನ ಸನ್ಮಾನದ ಫೋಟೋಗಳನ್ನಷ್ಟೇ ಕಳಿಸಿದಾಗ ಇವಳು ಪ್ರೊಫೆಸರರ ಹೆಸರಿನಲ್ಲಿ ಬರೆದಳು: ‘ನಾನು ಕೇಳಿದ್ದು ವಿಭಾಗದ ಪುಟ, ನಿಮ್ಮ ಮದುವೆಯ ಆಲ್ಬಮ್ ಅಲ್ಲ.’

ನಾನು ಓದಿ ಹೌಹಾರಿದೆ. “ತೋಬಾ ತೋಬಾ! ಗೊತ್ತಾದ್ರ ನಿನ್ನ ಗತಿ ಏನ ಯಶೋ?”

“ಗೊತ್ತಾಗೂದು ಹ್ಯಾಂಗ ಆಪಾ? ಅವ್ರು ಹೆಸರ ಓದ್ತಾರ, ಬರದಾಕಿ ಯಾರಂತ ಕೇಳಂಗಿಲ್ಲ,” ಅಂದಳು.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಮೇಲಿನಿಂದ ಆದೇಶ ಬಂತು. ಹಳೆಯ ವೆಬ್‌ಸೈಟು ಸಾಕು, ಎಲ್ಲವನ್ನೂ ಹೊಸ ವ್ಯವಸ್ಥೆಗೆ ಸಾಗಿಸಬೇಕು. ಅದಕ್ಕೆ ಸಿಎಂಎಸ್ ಅಂತ ಹೆಸರು. ಅದರಲ್ಲಿ ಬರೆಯುವುದು, ತಿದ್ದುವುದು, ಪ್ರಕಟಿಸುವುದು ಎಲ್ಲಾ ಒಂದೇ ಕಡೆ, ಯಾರು ಏನು ಮಾಡಿದರೆಂದು ಅದು ನೆನಪಿಟ್ಟುಕೊಳ್ಳುತ್ತದಂತೆ. ಜೊತೆಗೆ ಇನ್ನೊಂದು ಸುದ್ದಿ. ಇನ್ನು ಮುಂದೆ ಏಜೆನ್ಸಿಯ ಆಪರೇಟರ್ ಬೇಡ, ವಿಶ್ವವಿದ್ಯಾಲಯವೇ ಒಬ್ಬ ವೆಬ್ ನಿರ್ವಾಹಕರನ್ನು ನೇಮಿಸಿಕೊಳ್ಳುತ್ತದೆ. ನಮ್ಮ ವೆಬ್‌ಸೈಟಿನಲ್ಲೇ ಕೆಲಸ ಮಾಡಿದ ಅನುಭವ ಕಡ್ಡಾಯ. ಯಶೋಧರಾಳಿಗೆ ಸಿಕ್ಕರೆ ಈ ನೌಕರಿ ಸಿಗಬೇಕು, ಇಲ್ಲದಿದ್ದರೆ ಕಮಲಾಪುರದಲ್ಲಿ ಅವ್ವನ ಬುಟ್ಟಿಯ ಪಕ್ಕ ಕೂಡಬೇಕು. ನಮಗಿಬ್ಬರಿಗೂ ಚಿಂತೆಯೇನಿರಲಿಲ್ಲ, ಅವಳಷ್ಟು ಅನುಭವ ಇನ್ಯಾರಿಗಿದೆ?

ಪುಟಗಳನ್ನು ಸಾಗಿಸಿದವಳೂ ಅವಳೇ. ಸತ್ತುಹೋದ ಲಿಂಕುಗಳನ್ನು ಕಿತ್ತಳು, ವರ್ಷಾನುಗಟ್ಟಲೆ ಮಿಣುಕುತ್ತಿದ್ದ ‘ಹೊಸದು’ ಎಂಬ ಚೀಟಿಗಳನ್ನು ಆರಿಸಿದಳು. ಕೆಲಸ ಮುಗಿದ ಮೇಲೆ ಹೊಸ ವ್ಯವಸ್ಥೆ ಮಾಡಿಕೊಟ್ಟ ಕಂಪನಿಯವರು ವರದಿ ಕೊಟ್ಟರು. ವೆಬ್‌ಸೈಟಿನ ಅಷ್ಟೂ ಪುಟಗಳನ್ನು ಹಾಕಿದವರು ಒಬ್ಬರೇ: ಪ್ರೊಫೆಸರ್ ಮಹಾದೇವಪ್ಪ! ನಿವೃತ್ತಿಯ ನಂತರವೂ ಒಂದು ದಿನ ಬಿಟ್ಟಿಲ್ಲ!

ಇಷ್ಟು ಓದಿದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಪಕ್ಕದ ಕೋಣೆಗೆ ಬಂದು ವಿಚಾರಿಸುತ್ತಾರೆ. ನಮ್ಮವರು ಸನ್ಮಾನ ಇಟ್ಟುಕೊಂಡರು. ಸನ್ಮಾನ ಸಮಿತಿಗೆ ಅಧ್ಯಕ್ಷ ಇದೇ ಆನಂದಕುಮಾರ. “ನೀ ಕಮಲಾಪುರದಿಂದ ಬರ್ತಿ ಅಲ್ಲಾ, ಕೆಂಪು ಬಾಳಿಹಣ್ಣು ತಂದ್ಬಿಡು,” ಎಂದು ಫಲದ ಜವಾಬ್ದಾರಿಯನ್ನು ಯಶೋಧರಾಳಿಗೇ ಹಚ್ಚಿದರು. ಅವಳು ತಂದಳು, ಒಳ್ಳೆಯ ಗೊನೆಯನ್ನೇ. ನನಗೆ ಮೈಯೆಲ್ಲಾ ಉರಿದುಹೋಯಿತು.

ಹಿಂದಿನ ದಿನ ನಾವಿಬ್ಬರೂ ಮಹಾದೇವಪ್ಪನವರ ಮನೆಗೆ ಹೋಗಿ ವಿಷಯ ತಿಳಿಸಿದ್ದೆವು. “ಹೇಳ್ತೇನವ್ವಾ, ಖರೇ ಇದ್ದದ್ದು ಹೇಳಾಕ ನನಗೇನ ಅಂಜಿಕಿ?” ಎಂದಿದ್ದರು. ಮಾತಿಗೆ ತಪ್ಪಲಿಲ್ಲ. ಶಾಲು ಹೊದ್ದು ಮೈಕಿನ ಮುಂದೆ ನಿಂತು ಹೇಳಿದರು: “ನಾ ಏನೂ ಮಾಡಿಲ್ರಿ. ನಂದು ಹೆಸರಷ್ಟ. ಮಾಡಿದಾಕಿ ಈ ಹುಡುಗಿ ಯಶೋಧರಾ.”

ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. “ಎಂಥಾ ವಿನಯ! ಕೈಕೆಳಗಿನವರಿಗೆ ಎಷ್ಟು ಗೌರವ!” ಎಂದು ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಆನಂದಕುಮಾರ ಮೈಕು ಹಿಡಿದು, ಗುರುಗಳು ಒಮ್ಮೆ ಮದುವೆ ಆಲ್ಬಮ್ ಎಂದು ಬೈದು ಬರೆದದ್ದನ್ನೂ, ಆ ಶಿಸ್ತೇ ತನ್ನನ್ನು ಮನುಷ್ಯನನ್ನಾಗಿ ಮಾಡಿದ್ದನ್ನೂ ಗದ್ಗದವಾಗಿ ಹೇಳಿದ. ಮಹಾದೇವಪ್ಪನವರು ಏನೂ ತಿಳಿಯದೆ ಪಿಳಿಪಿಳಿ ನೋಡಿದರು. ಸತ್ಯ ಹೇಳಿದ್ದಕ್ಕೆ ಇನ್ನೊಂದು ಹಾರ ಬಿತ್ತು.

ಮುಂದಿನ ವಾರ ವೆಬ್ ನಿರ್ವಾಹಕರ ಹುದ್ದೆಗೆ ಸಂದರ್ಶನ, ಆ ಸಮಿತಿಗೂ ಆನಂದಕುಮಾರನೇ ಅಧ್ಯಕ್ಷ. ಕಡತ ಹಿಡಿದುಕೊಂಡು ನಾನೂ ಒಳಗಿದ್ದೆ. ಆ ಮದುವೆ ಆಲ್ಬಮ್ ಮೇಲ್‌ನ ಸುದ್ದಿ ಎತ್ತಬೇಡ ಎಂದು ಅವಳಿಗೆ ಮೊದಲೇ ಹೇಳಿದ್ದೆ.

“ವರದಿಯೊಳಗ ನಿಮ್ಮ ಹೆಸರ ಎಲ್ಲೂ ಇಲ್ಲಲ್ಲಾ?” ಅಂದ ಆನಂದಕುಮಾರ.

“ಸರ್ ಹೆಸರಲೇ ಎಲ್ಲಾ ನಾನ ಮಾಡೀನ್ರಿ. ಅವ್ರ ಸ್ವತಃ ಹೇಳ್ಯಾರಲ್ರಿ.”

“ಅದು ಅವರ ದೊಡ್ಡತನ. ಅದನ್ನ ನೀವು ಅನುಭವದ ಸರ್ಟಿಫಿಕೇಟ್ ಮಾಡ್ಕೋಬ್ಯಾಡ್ರಿ.”

ಯಶೋಧರಾಳ ಮುಖ ಕೆಂಪಾಯಿತು. ನಾನು ಕೆಮ್ಮಿದೆ, ಕಣ್ಣು ಮಾಡಿದೆ. ಕೇಳುವವಳೇ ಅವಳು?

“ಹಂಗಾದ್ರ ಕೇಳ್ರಿ ಸರ್. ಆ ಮದಿವಿ ಆಲ್ಬಮ್ ಮೇಲ್ ಬರದಾಕಿ ನಾನು.”

ಆನಂದಕುಮಾರ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ನಂಬಿದ್ದ, ಅದು ಮುಖದಲ್ಲೇ ಕಾಣುತ್ತಿತ್ತು.

“ಅದನ್ನ ಗುರುಗಳು ಬರದಿದ್ರ ಶಿಸ್ತು,” ಅಂದ. “ನೀವ್ ಬರದಿದ್ರ ಉದ್ಧಟತನ. ಹೋಗ್ರಿನ್ನ.”

ಹೊರಗೆ ಬಂದು ಅವಳು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುದ್ದೆಗೆ ಅರ್ಹರು ಯಾರೂ ಸಿಗಲಿಲ್ಲ ಎಂದು ಸಮಿತಿ ಬರೆಯಿತು, ಸದ್ಯಕ್ಕೆ ಮಹಾದೇವಪ್ಪನವರನ್ನೇ ಸಲಹೆಗಾರರನ್ನಾಗಿ ಕರೆಸಿತು. ಅವರು ಒಲ್ಲೆ ಅನ್ನಬೇಕಿತ್ತು. ಅನ್ನಲಿಲ್ಲ. “ಮನ್ಯಾಗ ಕುಂತು ಕುಂತು ಬ್ಯಾಸರಾಗ್ಯದವ್ವಾ,” ಎಂದು ನನ್ನೆದುರು ತಲೆ ತಗ್ಗಿಸಿದರು. ಬೈಯಲೂ ಮನಸ್ಸು ಬರಲಿಲ್ಲ, ಬಿಡಲೂ ಬರಲಿಲ್ಲ.

ಯಶೋಧರಾ ಕಮಲಾಪುರದಲ್ಲಿ ಅವ್ವನ ಬುಟ್ಟಿಯ ಪಕ್ಕ ಕೂತಳು. ಹೊಸ ವೆಬ್‌ಸೈಟಿನ ಉದ್ಘಾಟನೆಯ ದಿನ ಬಂತು. ವೇದಿಕೆಯ ಮೇಲೆ ಕುಲಪತಿಗಳು, ಹಿಂದೆ ದೊಡ್ಡ ಪರದೆ. ಮಹಾದೇವಪ್ಪನವರು ಲಾಗಿನ್ ಆಗಬೇಕು, ಕುಲಪತಿಗಳು ಗುಂಡಿ ಒತ್ತಬೇಕು. ಪಾಸ್‌ವರ್ಡನ್ನು ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿ ಮುಗಿಸಿದರು. ‘ನಿಮ್ಮ ಮೊಬೈಲಿಗೆ ಬಂದ ಸಂಖ್ಯೆಯನ್ನು ನಮೂದಿಸಿ’ ಎಂದಿತು ಪರದೆ. ಅವರು ಜೇಬಿನಿಂದ ಮೊಬೈಲ್ ತೆಗೆದು ನೋಡಿದರು. ಏನೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಹಳೆಯ ಖಾತೆಯ ಜೊತೆ ಅದರಲ್ಲಿದ್ದ ಮೊಬೈಲ್ ನಂಬರೂ ಸಾಗಿ ಬಂದಿತ್ತು, ಆ ನಂಬರು ಯಶೋಧರಾಳದು. ಕೆಲಸ ಮಾಡಿದವಳು ಯಾರೆಂದು ಇಡೀ ವಿಶ್ವವಿದ್ಯಾಲಯದಲ್ಲಿ ಆ ಮಷೀನೊಂದಕ್ಕೇ ಗೊತ್ತಿತ್ತು.

ಕೊನೆಗೆ ಕಂಪನಿಯವನೊಬ್ಬ ಪರದೆಯ ಮೂಲೆಯಲ್ಲಿದ್ದ ನಂಬರಿನ ಕೊನೆಯ ಅಂಕಿಗಳನ್ನು ತೋರಿಸಿದ, ಯಾರದೆಂದು ನಾನು ಹೇಳಿದೆ. ಮಹಾದೇವಪ್ಪನವರು ಫೋನ್ ಹಚ್ಚಿದರು. ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವವರು. ಮೈಕು ಮುಂದೇ ಇತ್ತು. ಕಮಲಾಪುರದ ಬಸ್ಸಿನ ಹಾರ್ನು ಇಡೀ ಸಭಾಂಗಣಕ್ಕೆ ಕೇಳಿಸಿತು.

“ಯಶೋಧರಾ, ನಂಬರ್ ಏನಾರ ಬಂದದೇನವ್ವಾ?”

ಆನಂದಕುಮಾರ ಬಗ್ಗಿ ಬಾಯಿ ಹಾಕಿದ: “ಯಶೋಧರಾ ಅವರೇ, ಲಗೂ ಹೇಳ್ರಿ. ಕುಲಪತಿಗಳು ಕಾಯಾಕತ್ತಾರ.”

“ಬಂದದ್ರಿ ಸರ್,” ಅಂದಳು ಯಶೋಧರಾ. “ಆದ್ರ ಅದು ಪ್ರೊಫೆಸರ್ ಮಹಾದೇವಪ್ಪ ಅವ್ರಿಗಿ ಬಂದದ. ಅವ್ರ ಹೆಸರಿಂದು ನಾ ಹೇಳಿದ್ರ ಉದ್ಧಟತನ ಆಗ್ತದ್ರಿ.”

ಫೋನ್ ಕಟ್ಟಾಯಿತು. ತುಂಬಿದ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ.